ಹಗ್ಗದ ಎರಡು ತುದಿಗಳು

(ಬೆಂಗಳೂರು ಜಯನಗರದ ತಿಲಕ್‌ನಗರದಲ್ಲಿ ಏರ್ಪಡಿಸಿದ್ದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರಾಣಿದಯೆಯ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾನು ತುಸು ಹಿಂಜರಿದೆ. ಈ ವಿಷಯದ ಭಾಷಣಕ್ಕೆ ನಮ್ಮಲ್ಲಿ ಒಂದು ಸಿದ್ಧ ಮಾದರಿ ಇದೆ. ಬಾಯಾರಿದ ನಾಯಿಗೆ ನೀರುಣಿಸಿದವನ ಕಥೆ ಹೇಳುವುದು, ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಕೊಂದ ಹೆಂಗಸಿನ ಕಥೆ ಹೇಳುವುದು, ಇಸ್ಲಾಮ್ ಕರುಣೆಯ ಧರ್ಮವೆಂದು ಸಾರಿ ಕೆಳಗಿಳಿಯುವುದು. ಆ ಕಥೆಗಳು ಸತ್ಯ. ನಾನು ಮದ್ರಸದಲ್ಲಿ ಅವುಗಳನ್ನು ಓದಿದ್ದೇನೆ, ಈ ಚಾಪೆಯ ಮೇಲಿರುವ ಮಕ್ಕಳಿಗೂ ಅವು ಬಾಯಿಪಾಠ. ಆದರೆ ಅವುಗಳನ್ನು ಕೇಳಿ ಕಣ್ಣು ತೇವ ಮಾಡಿಕೊಂಡವರೇ ಹೊರಗೆ ಹೋಗಿ ಚಪ್ಪಲಿಯ ಪಕ್ಕ ಮಲಗಿರುವ ನಾಯಿಗೆ ಕಲ್ಲು ಬೀರುವುದನ್ನೂ ಕಂಡಿದ್ದೇನೆ. ಆದ್ದರಿಂದ ಇಂದು ಆ ಕಥೆಗಳನ್ನು ಮತ್ತೆ ಹೇಳಲಾರೆ. ಇದೇ ಬನ್ನೇರುಘಟ್ಟ ರಸ್ತೆಯಲ್ಲಿ ನೇರವಾಗಿ ಹೋದರೆ ಸಿಗುವ ಒಂದು ಸ್ಥಳದ ಕುರಿತು ಹೇಳುತ್ತೇನೆ. ಅಲ್ಲಿ ನಡೆದುದರಲ್ಲಿ ನಮ್ಮ ಸಮುದಾಯದ ಒಂದು ದುಃಖ ಇದೆ, ಒಂದು ಲಜ್ಜೆಯೂ ಇದೆ.

ಮೊದಲು ನನ್ನದೇ ಒಂದು ನೆನಪು. ನಾನಾಗ ಆರೇಳು ವರ್ಷದವನು, ಬಯಲುಸೀಮೆಯ ಒಂದು ಸಣ್ಣ ಊರಿನಲ್ಲಿದ್ದೆವು. ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಎದ್ದು ಅಳುವುದು ನನಗೆ ಅಭ್ಯಾಸವಾಗಿತ್ತು. ಒಂದು ದಿನ ಓಣಿಯಲ್ಲಿ ಡಮರುಗದ ಸದ್ದು ಕೇಳಿಸಿತು. ಅಜ್ಜಿ ಓಡಿ ಹೋಗಿ ಕರಡಿ ಆಡಿಸುವವನನ್ನು ಕರೆತಂದರು. ಊರಿನವರು ಆತನನ್ನು ‘ಕರಡಿ ಸಾಬಿ’ ಎನ್ನುತ್ತಿದ್ದರು. ನನ್ನನ್ನು ಎತ್ತಿ ಕರಡಿಯ ಬೆನ್ನ ಮೇಲೆ ಕೂರಿಸಿದರು. ನಾನು ಕಿರುಚಿದೆ. ಆತ ಕರಡಿಯ ಮೈಯಿಂದ ನಾಲ್ಕು ಕೂದಲು ಕಿತ್ತು ತಾಯಿತದೊಳಗೆ ತುರುಕಿ ಅಜ್ಜಿಯ ಕೈಗಿತ್ತ. ಅಜ್ಜಿ ಒಂದು ಸೇರು ಜೋಳ, ಮೇಲೆ ಹತ್ತು ರೂಪಾಯಿ ಕೊಟ್ಟರು. ಆ ತಾಯಿತ ಬಹಳ ಕಾಲ ನನ್ನ ಕೊರಳಲ್ಲಿತ್ತು.

ಆ ದಿನದ ಎರಡು ಚಿತ್ರಗಳು ಇಂದಿಗೂ ಮಾಸಿಲ್ಲ. ಒಂದು, ಕರಡಿಯ ಮೂಗು. ಮೂತಿಯ ಮೇಲ್ಭಾಗವನ್ನು ತೂತು ಮಾಡಿ ಹಗ್ಗ ಪೋಣಿಸಿದ್ದರು. ಆ ತೂತಿನ ಸುತ್ತ ಗಾಯ, ಗಾಯದ ಮೇಲೆ ನೊಣ. ಇನ್ನೊಂದು, ಆ ಮನುಷ್ಯನ ಮಗ. ಅವನಿಗೂ ನನ್ನದೇ ವಯಸ್ಸು. ಬರಿಗಾಲಲ್ಲಿ, ಕೈಯಲ್ಲಿ ತಟ್ಟೆ ಹಿಡಿದು, ನಾನು ಹೆಗಲಿಗೆ ಹಾಕಿಕೊಂಡಿದ್ದ ಶಾಲೆಯ ಚೀಲವನ್ನೇ ನೋಡುತ್ತಿದ್ದ. ಹೋಗುವಾಗ ಆ ತಂದೆ ನಮ್ಮ ಮನೆಯ ಹಿರಿಯರಿಗೆ ಸಲಾಮ್ ಹೇಳಿದ. ಹಿರಿಯರು ಉತ್ತರ ಕೊಟ್ಟರೋ ಇಲ್ಲವೋ ನೆನಪಿಲ್ಲ. ಒಳಗೆ ಕರೆದು ಒಂದು ಲೋಟ ನೀರು ಕೊಡಲಿಲ್ಲವೆಂಬುದಂತೂ ನೆನಪಿದೆ. ಆತ ನಮ್ಮವನೇ, ನಾವು ನಿಲ್ಲುವ ದಿಕ್ಕಿಗೇ ಮುಖ ಮಾಡಿ ನಿಲ್ಲುವವನು ಎಂದು ನನಗೆ ಯಾರೂ ಹೇಳಲಿಲ್ಲ. ಕಾಲೇಜಿನಲ್ಲಿ ಅಲೆಮಾರಿ ಸಮುದಾಯಗಳ ಕುರಿತು ಓದುವಾಗಲಷ್ಟೇ ಆ ಜನ ಯಾರೆಂಬುದು ತಿಳಿಯಿತು.

ಅವರು ಖಲಂದರರು. ಹಿಂದೆ ಊರೂರು ಅಲೆಯುತ್ತಿದ್ದ ದರ್ವೇಶಿಗಳ ಪರಂಪರೆಯ ಹೆಸರನ್ನು ಹೊತ್ತ ಮುಸ್ಲಿಮ್ ಅಲೆಮಾರಿ ಸಮುದಾಯ. ಅರಸರ ಆಸ್ಥಾನಗಳಲ್ಲಿ ಕರಡಿ ಆಡಿಸಿ ಬಹುಮಾನ ಪಡೆಯುತ್ತಿದ್ದ ಕಾಲವಿತ್ತೆಂದು ಅವರ ಹಿರಿಯರು ಹೇಳಿಕೊಳ್ಳುವುದುಂಟು. ಅರಸರು ಹೋದರು, ಆಸ್ಥಾನಗಳು ಹೋದವು. ಕರಡಿ ಮತ್ತು ಹಗ್ಗ ಮಾತ್ರ ಉಳಿದವು. ಹೆದ್ದಾರಿಯ ಬದಿಯಲ್ಲಿ, ಸಂತೆಯಲ್ಲಿ, ಉರೂಸಿನಲ್ಲಿ, ಜಾತ್ರೆಯಲ್ಲಿ ಅದನ್ನು ಕುಣಿಸಿ ಹೊಟ್ಟೆ ಹೊರೆಯುವುದು ಅವರ ಪಾಡಾಯಿತು.

ಆ ಕುಣಿತ ಹೇಗೆ ಬರುತ್ತಿತ್ತೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಕಾಡಿನ ಕರಡಿ ಗೆದ್ದಲು, ಇರುವೆ, ಹಣ್ಣು, ಜೇನು ತಿಂದು ಬದುಕುವ ಪ್ರಾಣಿ. ಗೆದ್ದಲನ್ನು ಹೀರಿಕೊಳ್ಳಲೆಂದೇ ಅದರ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳ ಜಾಗವನ್ನು ಸೃಷ್ಟಿಕರ್ತನು ಖಾಲಿ ಇಟ್ಟಿದ್ದಾನೆ. ಕಣ್ಣಿಗಿಂತ ಮೂಗನ್ನೇ ಅದು ಹೆಚ್ಚು ನಂಬುತ್ತದೆ. ತಾಯಿ ಕರಡಿ ತನ್ನ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಬೇಟೆಗಾರರು ಆ ಮರಿಗಳನ್ನು ಕದ್ದು ತರುತ್ತಿದ್ದರು. ತಾಯಿ ಬಿಟ್ಟುಕೊಡದಿದ್ದರೆ ಅದನ್ನು ಕೊಲ್ಲುತ್ತಿದ್ದರು. ಎಳೆಯ ಮರಿಯ ಮೂತಿಯನ್ನು ಕಾದ ಕಬ್ಬಿಣದ ಸರಳಿನಿಂದ ಚುಚ್ಚಿ, ತೂತಿನಲ್ಲಿ ಹಗ್ಗ ಪೋಣಿಸುತ್ತಿದ್ದರು. ಅರಿವಳಿಕೆ ಇಲ್ಲ, ಮದ್ದಿಲ್ಲ. ಕೋರೆಹಲ್ಲುಗಳನ್ನು ಒಡೆಯುತ್ತಿದ್ದರು. ಹಗ್ಗ ಎಳೆದಾಗ ನೋವು, ನೋವಾದಾಗ ಕರಡಿ ಹಿಂಗಾಲ ಮೇಲೆ ಎದ್ದು ನಿಲ್ಲುತ್ತದೆ. ನಾವು ಅದನ್ನು ಕುಣಿತ ಎಂದೆವು, ಚಪ್ಪಾಳೆ ತಟ್ಟಿದೆವು.

ಈ ಹಗ್ಗವನ್ನು ಹೊಸೆದವರು ಖಲಂದರರೊಬ್ಬರೇ ಅಲ್ಲ. ಆಟ ನೋಡಿ ಕಾಸು ಎಸೆದವರಿದ್ದರು. ಭಯ ಹೋಗಲಿ, ದೃಷ್ಟಿ ತಾಗದಿರಲಿ ಎಂದು ಕರಡಿ ಕೂದಲಿನ ತಾಯಿತ ಕಟ್ಟಿಸಿಕೊಂಡವರಿದ್ದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಏಕದೇವ ವಿಶ್ವಾಸದ ಪಾಠ ಹೇಳುವ ಮನೆಗಳಲ್ಲೇ ಮಗುವಿನ ಕೊರಳಿನಲ್ಲಿ ಆ ಕೂದಲು ನೇತಾಡುತ್ತಿತ್ತು. ನನ್ನ ಅಜ್ಜಿ ಐದು ಹೊತ್ತಿನ ನಮಾಝ್ ತಪ್ಪಿಸಿದವರಲ್ಲ. ಅವರ ಪ್ರೀತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಆ ಹತ್ತು ರೂಪಾಯಿಯಿಂದ ಆ ಹಗ್ಗ ಇನ್ನೂ ಒಂದು ದಿನ ಬಾಳಿತೆಂಬುದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಮೌಢ್ಯವೆಂದರೆ ನಂಬಿಕೆಯ ದೋಷ ಮಾತ್ರವಲ್ಲ. ಎಲ್ಲೋ ಒಂದು ಜೀವ ಅದರ ಬೆಲೆಯನ್ನು ತೆರುತ್ತಿರುತ್ತದೆ.

ಇನ್ನು ಕಾನೂನಿನ ವಿಚಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕರಡಿಯನ್ನು ಹಿಡಿಯುವುದನ್ನು, ಸಾಕುವುದನ್ನು ಅಪರಾಧವಾಗಿಸಿತು. ಆದರೂ ನಾನು ಕರಡಿಯ ಮೇಲೆ ಕುಳಿತು ಕಿರುಚಿದ್ದು ಅದು ಬಂದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ! ಕಾಯ್ದೆ ಕಾಗದದ ಮೇಲೆ ಉಳಿದದ್ದೇಕೆ? ಕರಡಿಯನ್ನು ವಶಪಡಿಸಿಕೊಂಡರೆ ಅದನ್ನಿಡಲು ಇಲಾಖೆಯ ಬಳಿ ಜಾಗವಿರಲಿಲ್ಲ. ಹಗ್ಗ ಹಿಡಿದವನನ್ನು ಜೈಲಿಗೆ ಹಾಕಿದರೆ ಅವನ ಹೆಂಡತಿ ಮಕ್ಕಳು ಏನು ತಿನ್ನಬೇಕೆಂಬ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಬಿಡುಗಡೆಯಾಗಿ ಬಂದವನು ಇನ್ನೊಂದು ಮರಿಯನ್ನು ಕೊಳ್ಳುತ್ತಿದ್ದ. ಅವನಿಗೆ ತಿಳಿದಿದ್ದ ಕಸುಬು ಅದೊಂದೇ.

1995ರಲ್ಲಿ ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ ಎಂಬಿಬ್ಬರು ವೈಲ್ಡ್‌ಲೈಫ್ ಎಸ್‌ಓಎಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರು ಮೊದಲು ಮಾಡಿದ ಕೆಲಸವೆಂದರೆ ಖಲಂದರರ ನಡುವೆ ಹೋಗಿ ಕುಳಿತದ್ದು. ಎಷ್ಟು ಕರಡಿಗಳಿವೆ, ಮರಿಗಳು ಎಲ್ಲಿಂದ ಬರುತ್ತವೆ, ಒಂದು ಕುಟುಂಬಕ್ಕೆ ದಿನಕ್ಕೆ ಏನು ಸಿಗುತ್ತದೆ, ಮಕ್ಕಳು ಶಾಲೆಗೆ ಹೋಗುತ್ತಾರೆಯೇ ಎಂದು ವಿಚಾರಿಸಿದ್ದು. ಆಗ ದೇಶದಲ್ಲಿ ಸುಮಾರು 1200 ಕರಡಿಗಳು ಹಗ್ಗದಲ್ಲಿವೆಯೆಂದು ಅಂದಾಜಾಯಿತು. ಕರಡಿಗಳಿಂದ ಹೆಚ್ಚೇನೂ ಸಂಪಾದನೆಯಿಲ್ಲ, ಬೇರೆ ದಾರಿ ಸಿಕ್ಕರೆ ಬಿಡಲು ಅನೇಕರು ಸಿದ್ಧರಿದ್ದಾರೆ ಎಂಬುದೂ ತಿಳಿಯಿತು.

ಅಲ್ಲಿಂದ ಅವರ ಕಾರ್ಯವಿಧಾನ ರೂಪುಗೊಂಡಿತು. ಖಲಂದರನು ತಾನಾಗಿ ಕರಡಿಯನ್ನು ಒಪ್ಪಿಸಬೇಕು. ಮತ್ತೆ ಈ ಕಸುಬಿಗೆ ಇಳಿಯುವುದಿಲ್ಲವೆಂದು ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ ಹೊಸ ಬದುಕಿಗೆ ಮೂಲಧನ. ಆಗಿನ ವರದಿಗಳ ಪ್ರಕಾರ ಒಂದು ಕುಟುಂಬಕ್ಕೆ ಸುಮಾರು 50 ಸಾವಿರ ರೂಪಾಯಿ. ಕೆಲವರು ಆಟೋರಿಕ್ಷಾ ಕೊಂಡರು, ಕೆಲವರು ಸಣ್ಣ ಅಂಗಡಿ ಹಾಕಿದರು. ಹೆಂಗಸರಿಗೆ ಹೊಲಿಗೆ, ಕಸೂತಿಯಂಥ ಕೆಲಸ ಕಲಿಸಿದರು. ಮಕ್ಕಳ ಶಾಲೆಯ ಖರ್ಚನ್ನು ಸಂಸ್ಥೆ ಹೊತ್ತಿತು. ಜೊತೆಗೆ ಕಾಡಿನಿಂದ ಮರಿಗಳನ್ನು ಕದಿಯುವ ಜಾಲದ ಮೇಲೆ ಕಣ್ಣಿಟ್ಟು ಇಲಾಖೆಗೆ ಮಾಹಿತಿ ನೀಡಿತು. ಕೆಲವು ಖಲಂದರರನ್ನು ಕೇಂದ್ರಗಳಲ್ಲೇ ಕರಡಿಗಳ ಪಾಲಕರಾಗಿ ಸೇರಿಸಿಕೊಂಡಿತು. ಹಗ್ಗ ಎಳೆಯುತ್ತಿದ್ದ ಕೈಯೇ ಈಗ ಗಂಜಿಯ ಬಟ್ಟಲು ಇಡುತ್ತದೆ.

2002ರಲ್ಲಿ ಆಗ್ರಾದ ಕೇಂದ್ರಕ್ಕೆ ಮೊದಲ ಕರಡಿಗಳು ಬಂದವು. 2005ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯ ಸಹಯೋಗದಲ್ಲಿ ನಮ್ಮ ಬನ್ನೇರುಘಟ್ಟದಲ್ಲಿ ಕೇಂದ್ರ ಆರಂಭವಾಯಿತು. ಭೋಪಾಲದಲ್ಲಿ, ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಇನ್ನೆರಡು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯ ಮೂಗಿನಿಂದ ಹಗ್ಗ ಹೊರಬಂತು. ಕುಣಿಯುವ ಕರಡಿಗಳಲ್ಲಿ ಅದೇ ಕೊನೆಯದೆಂದು ಸಂಸ್ಥೆ ಪ್ರಕಟಿಸಿತು. ರಾಜುವಿಗೆ ಆಶ್ರಯ ಸಿಕ್ಕಿದ್ದು ಬೇರೆಲ್ಲೂ ಅಲ್ಲ, ಇದೇ ಬನ್ನೇರುಘಟ್ಟದಲ್ಲಿ. ಒಟ್ಟು 628 ಕರಡಿಗಳನ್ನು ಬಿಡಿಸಲಾಯಿತೆಂದು ಸಂಸ್ಥೆಯ ಲೆಕ್ಕ. ಶತಮಾನಗಳ ಒಂದು ಕಸುಬು ಏಳೆಂಟು ವರ್ಷಗಳಲ್ಲಿ, ಗೋಲಿಬಾರ್ ಇಲ್ಲದೆ, ಗಲಭೆಯಿಲ್ಲದೆ ಮುಗಿಯಿತು.

ಸಹೋದರರೇ, ನಾವು ರಜಾ ದಿನಗಳಲ್ಲಿ ಬಿರಿಯಾನಿಯ ಡಬ್ಬ ಕಟ್ಟಿಕೊಂಡು ಬನ್ನೇರುಘಟ್ಟಕ್ಕೆ ಹೋಗುತ್ತೇವೆ. ಸಫಾರಿ ಬಸ್ಸಿನ ಕಿಟಕಿಯಿಂದ ಮಕ್ಕಳಿಗೆ ಕರಡಿ ತೋರಿಸುತ್ತೇವೆ. ಅದೇ ಕಾಡಿನ ಅಂಚಿನಲ್ಲಿ ವಯಸ್ಸಾದ ಕರಡಿಗಳು ಮರದ ಅಟ್ಟಣಿಗೆಗಳ ಮೇಲೆ ಮಲಗಿ ದಿನ ಕಳೆಯುತ್ತಿವೆಯೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವುಗಳನ್ನು ಕಾಡಿಗೆ ಬಿಡುವಂತಿಲ್ಲ. ಹಲ್ಲು ಒಡೆದುಹೋಗಿವೆ, ಮೂಗು ಹಾಳಾಗಿದೆ, ಗೆದ್ದಲು ಹುತ್ತ ಅಗೆಯುವುದನ್ನು ಕಲಿಸಬೇಕಾಗಿದ್ದ ತಾಯಿ ಎಳವೆಯಲ್ಲೇ ಕೈತಪ್ಪಿದೆ. ಬಿಡಿಸಿ ತಂದ ಕರಡಿಗಳಲ್ಲಿ ಮನುಷ್ಯರಿಂದ ಅಂಟಿದ ಕ್ಷಯರೋಗವೂ ಇತ್ತು. ಆದ್ದರಿಂದ ಒಂದು ಕರಡಿಯನ್ನು ಬಿಡಿಸುವುದೆಂದರೆ ಒಂದು ದಿನದ ಫೋಟೋ ಅಲ್ಲ. ಹತ್ತಿಪ್ಪತ್ತು ವರ್ಷ ಪ್ರತಿದಿನ ಗಂಜಿ, ಹಣ್ಣು, ಔಷಧಿ, ವೈದ್ಯರು, ಪಾಲಕರು.

ಈ ಖರ್ಚನ್ನು ಕೊಟ್ಟವರು ಯಾರು? ಆಸ್ಟ್ರೇಲಿಯಾದ ಪರ್ತ್ ನಗರದ ಮೇರಿ ಹಟನ್ ಎಂಬ ಸಾಮಾನ್ಯ ಮಹಿಳೆ 1993ರಲ್ಲಿ ಟಿ.ವಿ.ಯಲ್ಲಿ ಪಂಜರದೊಳಗಿನ ಕರಡಿಗಳ ದುಃಸ್ಥಿತಿಯನ್ನು ಕಂಡರು. ಅದು ಪಿತ್ತರಸಕ್ಕಾಗಿ ಕೂಡಿಹಾಕಿದ ಕರಡಿಗಳ ಕುರಿತಾದ ಕಾರ್ಯಕ್ರಮ. ಆಕೆ ಹತ್ತಿರದ ಮಾರುಕಟ್ಟೆ ಸಂಕೀರ್ಣದಲ್ಲಿ ನಿಂತು ಸಹಿ ಸಂಗ್ರಹಿಸತೊಡಗಿದರು. 1995ರಲ್ಲಿ ‘ಫ್ರೀ ದ ಬೇರ್ಸ್’ ಎಂಬ ಸಂಸ್ಥೆ ಹುಟ್ಟಿತು. ಆ ಸಂಸ್ಥೆ ಸಂಗ್ರಹಿಸಿದ ಹಣದ ಪಾಲು ನಮ್ಮ ದೇಶದ ಖಲಂದರ್ ಕುಟುಂಬಗಳ ಪುನರ್ವಸತಿಗೂ ತಲುಪಿತು. ಬ್ರಿಟನ್ನಿನ, ಫ್ರಾನ್ಸಿನ ಸಂಸ್ಥೆಗಳೂ ಕೈಜೋಡಿಸಿದವು. ಬೆಂಗಳೂರಿಗೆ ಇಂಥ ಪರಂಪರೆ ಹೊಸತಲ್ಲ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ದಿಲ್ಲಿ, ಜೈಪುರಗಳಲ್ಲಿ ಪ್ರಾಣಿಗಳ ಆಶ್ರಯತಾಣಗಳನ್ನು ಕಟ್ಟಿ, ಎಂಬತ್ತು ದಾಟಿದ ಇಳಿವಯಸ್ಸಿನಲ್ಲಿ ಇಲ್ಲಿಗೆ ಬಂದು 1991ರಲ್ಲಿ ‘ಕ್ಯೂಪಾ’ ಸಂಸ್ಥೆಯನ್ನು ಆರಂಭಿಸಿದರು. 1996ರಲ್ಲಿ ಅವರು ತೀರಿಕೊಂಡರೂ ಸಂಸ್ಥೆ ನಿಲ್ಲಲಿಲ್ಲ.

ಲಜ್ಜೆಯ ಮಾತನ್ನು ನಾನು ಹೇಳಬೇಕಾಗಿರುವುದು ಇಲ್ಲಿ. ಪರ್ತ್‌ನ ಒಬ್ಬ ಮಹಿಳೆಗೆ ಖಲಂದರನ ಮನೆಯ ಒಲೆ ಕಂಡಿತು. ನಮಗೇಕೆ ಕಾಣಲಿಲ್ಲ? 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ನಾವು ಅದನ್ನು ಎತ್ತಿ ಹಿಡಿದು ಸಭೆ ನಡೆಸಿದೆವು, ಸರಕಾರಗಳನ್ನು ಪ್ರಶ್ನಿಸಿದೆವು. ಪ್ರಶ್ನಿಸಿದ್ದು ಸರಿಯೇ. ಆದರೆ ಅದೇ ವರದಿ ಮುಸ್ಲಿಮರೊಳಗಿನ ಮೇಲು ಕೀಳಿನ ಕುರಿತೂ ಒಂದು ಅಧ್ಯಾಯವನ್ನು ಮೀಸಲಿಟ್ಟಿತ್ತು. ಆ ಪುಟಗಳನ್ನು ನಾವು ಓದಿ ಹೇಳಿದ್ದು ಕಡಿಮೆ. ರಮಝಾನಿನಲ್ಲಿ ನಾವು ಲೆಕ್ಕ ಹಾಕಿ ಝಕಾತ್ ಕೊಡುತ್ತೇವೆ. ಅದು ಪರಿಚಿತರ ಓಣಿಯಲ್ಲೇ ಸುತ್ತುತ್ತದೆ. ಊರ ಹೊರಗೆ ಡೇರೆ ಹಾಕಿದವನಿಗೆ ಜಮಾಅತ್ತಿನ ಪುಸ್ತಕದಲ್ಲಿ ಹೆಸರಿಲ್ಲ, ಆದ್ದರಿಂದ ಪಾಲೂ ಇಲ್ಲ. ಕರಡಿಯನ್ನು ಬಿಡು ಎಂದು ಅವನಿಗೆ ಉಪದೇಶಿಸುವ ಹಕ್ಕು ನಮಗಿತ್ತೇ? ಬಿಟ್ಟರೆ ತಿನ್ನುವುದೇನೆಂದು ಕೇಳಿದ ಮೇಲಲ್ಲವೇ ಉಪದೇಶದ ಸರದಿ? ಆ ಪ್ರಶ್ನೆಯನ್ನು ಪ್ರಾಣಿಗಳಿಗಾಗಿ ಹೊರಟವರು ಕೇಳಿದರು. ಮನುಷ್ಯರಿಗಾಗಿ ಇರುವ ನಾವು ಕೇಳಲಿಲ್ಲ.

ಎಲ್ಲವೂ ಸುಖಾಂತವಾಯಿತೆಂದು ನಾನು ಹೇಳುತ್ತಿಲ್ಲ. 50 ಸಾವಿರ ಎಷ್ಟು ಕಾಲ ಬಾಳುತ್ತದೆಂದು ಇಲ್ಲಿರುವ ಗೃಹಿಣಿಯರಿಗೆ ತಿಳಿದಿದೆ. ಒಂದು ಮದುವೆ, ಒಂದು ಆಸ್ಪತ್ರೆಯ ಬಿಲ್ಲು, ಅಷ್ಟಕ್ಕೇ ಕೈ ಖಾಲಿ. ಕರಡಿಯ ಆಯುಷ್ಯ ಮುಗಿಯುವವರೆಗೆ ಆಶ್ರಯದ ಭರವಸೆ ಇದೆ. ಮನುಷ್ಯನ ಪಾಲಿಗೆ ಅಂಥ ಭರವಸೆಯನ್ನು ಒಂದು ವನ್ಯಜೀವಿ ಸಂಸ್ಥೆಯಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಅದು ಸರಕಾರದ ಹೊಣೆ, ಸಮುದಾಯದ ಹೊಣೆ. ಆಟೋ ಕೆಟ್ಟುನಿಂತ ದಿನ ಆ ತಂದೆ ಯಾರ ಬಾಗಿಲಿಗೆ ಹೋಗಬೇಕು? ನಮ್ಮ ಮಸೀದಿಯ ಬಾಗಿಲು ಅವನಿಗೆ ನೆನಪಾಗುವಂತೆ ನಾವು ನಡೆದುಕೊಂಡಿದ್ದೇವೆಯೇ?

ಈಗ ಕೆಲವರ ಮನಸ್ಸಿನಲ್ಲಿರುವ ಮಾತನ್ನು ನಾನೇ ಎತ್ತುತ್ತೇನೆ. ‘ಪ್ರಾಣಿದಯೆಯ ಹೆಸರಿನಲ್ಲಿ ಬಡಿಸಿಕೊಳ್ಳುವವರು ಯಾವಾಗಲೂ ನಾವೇ ತಾನೇ?’ ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂದು ಕೇಂದ್ರ ಸರಕಾರ 1998ರಲ್ಲಿ ಅಧಿಸೂಚನೆ ಹೊರಡಿಸಿತು. 2001ರಲ್ಲಿ ಸುಪ್ರೀಮ್ ಕೋರ್ಟು ಅದನ್ನು ಎತ್ತಿಹಿಡಿಯಿತು. ಖಲಂದರನ ಪರವಾಗಿ ಯಾವ ವಿಧಾನಸಭೆಯೂ ತುರ್ತು ಅಧಿವೇಶನ ಕರೆಯಲಿಲ್ಲ. ಆದರೆ 2014ರಲ್ಲಿ ಸುಪ್ರೀಮ್ ಕೋರ್ಟು ಜಲ್ಲಿಕಟ್ಟನ್ನು ನಿಷೇಧಿಸಿದಾಗ ಏನಾಯಿತು? 2017ರಲ್ಲಿ ತಮಿಳುನಾಡು ಕಾಯ್ದೆಯನ್ನು ತಿದ್ದಿತು. ಕಂಬಳಕ್ಕಾಗಿ ನಮ್ಮ ಕರ್ನಾಟಕವೂ ತಿದ್ದುಪಡಿ ತಂದಿತು. ಪಕ್ಷಭೇದವಿಲ್ಲದೆ ಎಲ್ಲರೂ ಒಂದಾದರು. 2023ರ ಮೇ 18ರಂದು ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಗಳನ್ನು ಮಾನ್ಯ ಮಾಡಿತು. ಸಂಸ್ಕೃತಿ ಎಂಬ ಪದಕ್ಕೆ ಮತಪೆಟ್ಟಿಗೆಯ ಬಲವಿದ್ದರೆ ಕಾನೂನು ಬಾಗುತ್ತದೆ. ಬಲವಿಲ್ಲದಿದ್ದರೆ ಅದೇ ಪದ ಅಪರಾಧವಾಗುತ್ತದೆ. ಇದನ್ನು ಹೇಳಲು ಹೆದರಬೇಕಾಗಿಲ್ಲ.

ಬಕ್ರೀದ್ ಬಂದಾಗ ಮಾತ್ರ ಎಚ್ಚರಗೊಳ್ಳುವ ಪ್ರಾಣಿಪ್ರೀತಿಯೂ ಇದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 28ನೇ ಕಲಮು ಧರ್ಮದ ವಿಧಿಯಂತೆ ಮಾಡುವ ವಧೆಯನ್ನು ಅಪರಾಧವಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಜಾನುವಾರು ವಧೆಗೆ ಸಂಬಂಧಿಸಿದಂತೆ 2021ರಿಂದ ಜಾರಿಗೊಂಡ ನಮ್ಮ ರಾಜ್ಯದ ಕಾಯ್ದೆಯ ನಿರ್ಬಂಧಗಳು ಬೇರೆ ಇವೆ. ಅವುಗಳ ನೆಪದಲ್ಲಿ ರಸ್ತೆಯಲ್ಲಿ ಲಾರಿ ತಡೆದು ಚಾಲಕನನ್ನು ಥಳಿಸುವವನ ಮನಸ್ಸಿನಲ್ಲಿ ದಯೆ ಇದೆಯೆಂದು ನಾನು ನಂಬುವುದಿಲ್ಲ. ಮನುಷ್ಯನ ರಕ್ತ ಕಂಡು ಕರಗದ ಎದೆ ಪ್ರಾಣಿಯ ರಕ್ತಕ್ಕೆ ಕರಗುತ್ತದೆಯೆಂದರೆ ಅದು ರಾಜಕೀಯವಲ್ಲದೆ ಮತ್ತೇನೂ ಅಲ್ಲ.

ಆದರೆ ಸಹೋದರರೇ, ಈ ನ್ಯಾಯವಾದ ಸಿಟ್ಟಿನಲ್ಲಿ ನಮಗೊಂದು ಅಪಾಯವಿದೆ. ಪ್ರಾಣಿದಯೆ ಎಂಬ ಶಬ್ದ ಕೇಳಿದೊಡನೆ ‘ಇದು ನಮ್ಮ ವಿರುದ್ಧದ ಮಾತು’ ಎಂದು ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ನಮಗೆ ಅಂಟುತ್ತಿದೆ. ದುರುಪಯೋಗ ಮಾಡುವವನ ಮೇಲಿನ ಕೋಪದಿಂದ ನಮ್ಮದೇ ಸೊತ್ತನ್ನು ಕಳೆದುಕೊಂಡರೆ ನಷ್ಟ ಯಾರಿಗೆ? ಕಂಬಳದವರಿಗೆ ರಿಯಾಯಿತಿ ಸಿಕ್ಕಿತೆಂಬ ಕಾರಣಕ್ಕೆ ಕರಡಿಯ ಮೂಗಿಗೆ ಮತ್ತೆ ಹಗ್ಗ ಹಾಕಬೇಕೆಂದು ನಮ್ಮಲ್ಲಿ ಯಾರಾದರೂ ಹೇಳಬಲ್ಲರೇ? ಹೇಳಲಾರರು. ನೋಯುವ ಮೂಗಿಗೆ ಮತವಿಲ್ಲ, ಪಕ್ಷವಿಲ್ಲ.

ಹಾಗಾದರೆ ನಮ್ಮ ಓಣಿಗಳನ್ನೇ ನೋಡೋಣ. ಕೋಳಿಗಳ ಕಾಲು ಕಟ್ಟಿ ಸ್ಕೂಟರಿನ ಎರಡೂ ಬದಿಗೆ ತಲೆಕೆಳಗಾಗಿ ನೇತುಹಾಕಿಕೊಂಡು ಹೋಗುವುದನ್ನು ಪ್ರತಿದಿನ ಬೆಳಿಗ್ಗೆ ನೋಡುತ್ತೇವೆ. ಬಕ್ರೀದಿನ ಹಿಂದಿನ ವಾರ ಒಂದು ಆಟೋದಲ್ಲಿ ಆರೇಳು ಆಡುಗಳನ್ನು ತುರುಕುತ್ತೇವೆ. ಮಕ್ಕಳು ಅವುಗಳ ಕಿವಿ ಹಿಡಿದೆಳೆದರೆ ನಗುತ್ತೇವೆ. ಚೂರಿ ಹರಿತವಾಗಿರಬೇಕು, ಅದನ್ನು ಪ್ರಾಣಿಯ ಕಣ್ಣೆದುರು ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು ಎಂಬ ಪಾಠವನ್ನು ನಾವು ಕಲಿತಿದ್ದೇವೆ. ಕೊಯ್ಯುವ ಕ್ಷಣಕ್ಕೆ ಇಷ್ಟು ನಿಯಮವಿರುವಾಗ ಅದರ ಹಿಂದಿನ ಮೂರು ದಿನಕ್ಕೆ ನಿಯಮವಿಲ್ಲವೇ? ಅದನ್ನು ಕೇಳುವವರು ಹೊರಗಿನಿಂದ ಬರುವವರೆಗೆ ಕಾಯಬೇಕೇ?

ಬೀದಿನಾಯಿಗಳ ವಿಷಯವೂ ಹೀಗೆಯೇ. ಇಲ್ಲಿ ತಾಯಂದಿರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2007ರಲ್ಲಿ ಇದೇ ಬೆಂಗಳೂರಿನಲ್ಲಿ ಪುಟ್ಟ ಮಕ್ಕಳು ನಾಯಿಗಳ ದಾಳಿಗೆ ಬಲಿಯಾದುದನ್ನು ಮರೆಯುವಂತಿಲ್ಲ. 2023ರ ಗಣತಿಯಲ್ಲಿ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿವೆಯೆಂದು ಪಾಲಿಕೆ ಹೇಳಿತ್ತು. 2019ರಲ್ಲಿ ಆ ಸಂಖ್ಯೆ ಸುಮಾರು 3.10 ಲಕ್ಷ ಇತ್ತು. ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಅದೇ ಜಾಗದಲ್ಲಿ ಬಿಡುವ ಕ್ರಮ 2001ರ ನಿಯಮಗಳಿಂದ ಬಂದದ್ದು. 2025ರ ಆಗಸ್ಟ್ 22ರಂದು ಸುಪ್ರೀಮ್ ಕೋರ್ಟು ಈ ಕ್ರಮವನ್ನು ಉಳಿಸಿಕೊಂಡೇ, ರೇಬೀಸ್ ತಗುಲಿದ ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಡಬಾರದೆಂದು ಆದೇಶಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಸ್ಥಳಗಳಿಂದ ನಾಯಿಗಳನ್ನು ತೆರವುಗೊಳಿಸಲು ಹೇಳಿತು. ಕೋರ್ಟು ಏನೇ ಹೇಳಲಿ, ನಾಯಿಗಳ ಹಿಂಡು ಎಲ್ಲಿ ಸೇರುತ್ತದೆಂಬುದನ್ನು ನಾವು ಬಲ್ಲೆವು. ಮಾಂಸದಂಗಡಿಯ ಹಿಂದೆ ಎಸೆದ ಕರುಳು, ಗರಿ, ಎಲುಬಿನ ರಾಶಿ ಎಲ್ಲಿದೆಯೋ ಅಲ್ಲಿ. ಒಂದು ಕಡೆ ಔತಣ ಹಾಕಿ ಇನ್ನೊಂದು ಕಡೆ ಕಲ್ಲು ಹೊಡೆದರೆ ಹಿಂಡು ಕಡಿಮೆಯಾಗುತ್ತದೆಯೇ? ನಾಯಿಯ ಎಂಜಲಿನಿಂದ ಪಾತ್ರೆ ತೊಳೆಯುವುದು ಶುಚಿತ್ವದ ವಿಧಿ. ಅದು ನಾಯಿಯನ್ನು ಹೊಡೆಯುವುದಕ್ಕೆ ಅನುಮತಿಪತ್ರವಲ್ಲ. ಈ ವ್ಯತ್ಯಾಸವನ್ನು ನಮ್ಮ ಮದ್ರಸಗಳಲ್ಲಿ ಉಸ್ತಾದರು ಮಕ್ಕಳಿಗೆ ಬಿಡಿಸಿ ಹೇಳಬೇಕು. ನಾಯಿ ಕಚ್ಚಿದರೆ ಅರಿಶಿನ ಮೆತ್ತಿ, ಊದಿಸಿಕೊಂಡು ಕೂರದೆ ಗಾಯವನ್ನು ಸಾಬೂನು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕೆಂಬುದನ್ನೂ ಹೇಳಬೇಕು.

ಕೊನೆಯದಾಗಿ, ಈ ಸಭೆಯಿಂದ ಎದ್ದು ಹೋಗುವಾಗ ನಾಲ್ಕು ಕೆಲಸಗಳನ್ನು ಕೈಗೆತ್ತಿಕೊಳ್ಳೋಣ ಎಂಬುದು ನನ್ನ ವಿನಂತಿ.

ಒಂದು, ಕರಡಿ ಕೂದಲು, ಹುಲಿಯುಗುರು, ನರಿಕೊಂಬು ಎಂದು ಹೆಸರಿಟ್ಟು ಮಾರುವ ಯಾವುದೂ ನಮ್ಮ ಮನೆಯೊಳಗೆ ಬರಬಾರದು. 2023ರಲ್ಲಿ ಹುಲಿಯುಗುರಿನ ಪದಕಗಳ ಪ್ರಕರಣಗಳು ನಮ್ಮ ರಾಜ್ಯದಲ್ಲಿ ಎಷ್ಟು ದೊಡ್ಡ ಸುದ್ದಿಯಾದವೆಂಬುದನ್ನು ಬಲ್ಲಿರಿ. ಕಾನೂನಿನ ಭಯಕ್ಕಿಂತ ಮೊದಲು ವಿಶ್ವಾಸದ ಲಜ್ಜೆ ನಮ್ಮನ್ನು ತಡೆಯಬೇಕು.

ಎರಡು, ಪ್ರತಿಯೊಂದು ಜಮಾಅತ್ತೂ ತನ್ನ ಸುತ್ತಲಿನ ಅಲೆಮಾರಿ ಕುಟುಂಬಗಳ ಪಟ್ಟಿ ಮಾಡಬೇಕು. ರಮಝಾನಿನಲ್ಲಿ ಒಂದು ಚೀಲ ಅಕ್ಕಿ ಕೊಟ್ಟು ಕೈತೊಳೆಯದೆ, ಝಕಾತಿನ ಒಂದು ಪಾಲನ್ನು ಒಂದು ಕುಟುಂಬ ನೆಲೆಯೂರುವವರೆಗೆ ಹರಿಸಬೇಕು. ಒಬ್ಬ ಹುಡುಗನ ಶಾಲೆ, ಒಬ್ಬ ಹೆಣ್ಣುಮಗಳ ಹೊಲಿಗೆಯಂತ್ರ, ಮೂರು ವರ್ಷಗಳ ವಿಚಾರಣೆ. ಝಕಾತಿಗೆ ನಿಗದಿತ ಹಕ್ಕುದಾರರಿದ್ದಾರೆ, ಅದು ಮನುಷ್ಯರದ್ದು. ಆದರೆ ಸದಕಾಕ್ಕೆ ಆ ಬೇಲಿಯಿಲ್ಲ. ಒಂದು ಕರಡಿಯ ಒಂದು ತಿಂಗಳ ಗಂಜಿಗೂ ಅದು ಸಲ್ಲುತ್ತದೆ.

ಮೂರು, ಮಾಂಸದಂಗಡಿಯವರನ್ನು ಕೂರಿಸಿ ಮಾತನಾಡಿ, ತ್ಯಾಜ್ಯವನ್ನು ಚೀಲದಲ್ಲಿ ಕಟ್ಟಿ ಪಾಲಿಕೆಯ ಗಾಡಿಗೆ ಕೊಡುವ ವ್ಯವಸ್ಥೆ ಮಾಡಬೇಕು. ಬಕ್ರೀದಿನ ಮುಂಚೆ ಆಡುಗಳಿಗೆ ನೆರಳು, ನೀರು, ಸಾಗಾಟಕ್ಕೆ ಸಾಕಷ್ಟು ಜಾಗ ಇದೆಯೇ ಎಂದು ನೋಡಲು ಪ್ರತಿ ಮಸೀದಿಯಿಂದ ನಾಲ್ವರು ಯುವಕರು ಸಾಕು.

ನಾಲ್ಕು, ಮಕ್ಕಳನ್ನು ಬನ್ನೇರುಘಟ್ಟಕ್ಕೆ ಕರೆದೊಯ್ಯುವಾಗ ಈ ಕಥೆಯನ್ನು ಪೂರ್ತಿಯಾಗಿ ಹೇಳಿ. ಕರಡಿಯ ನೋವನ್ನು ಹೇಳಿ. ಹಗ್ಗ ಹಿಡಿದವನ ಹಸಿವನ್ನೂ ಹೇಳಿ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಮಗು ಖಲಂದರನನ್ನು ದ್ವೇಷಿಸಲು ಕಲಿಯುತ್ತದೆ, ಇಲ್ಲವೇ ಕರಡಿಯನ್ನು ಮರೆಯಲು ಕಲಿಯುತ್ತದೆ.

ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ನನ್ನ ತಾಯಿತ ಸಿಕ್ಕಿತು. ದಾರ ಸವೆದಿತ್ತು. ತಗಡನ್ನು ಬಿಡಿಸಿ ನೋಡಿದೆ. ಒಳಗೆ ನಾಲ್ಕು ಕಪ್ಪು ಕೂದಲು, ಸ್ವಲ್ಪ ಧೂಳು, ಅಷ್ಟೇ. ನನ್ನ ಭಯವನ್ನು ಓಡಿಸುವ ಶಕ್ತಿ ಅದರಲ್ಲಿರಲಿಲ್ಲ. ನಾನು ದೊಡ್ಡವನಾದೆ, ಭಯ ತಾನಾಗಿ ಹೋಯಿತು. ಆದರೆ ತಟ್ಟೆ ಹಿಡಿದು ನಿಂತಿದ್ದ ಆ ಹುಡುಗನಿಗೆ ಈಗ ನನ್ನಷ್ಟೇ ವಯಸ್ಸಾಗಿರಬೇಕು. ಅವನ ಮಕ್ಕಳ ಹೆಗಲಲ್ಲಿ ಶಾಲೆಯ ಚೀಲವಿದ್ದರೆ ಅದರ ಪುಣ್ಯದಲ್ಲಿ ನನ್ನ ಪಾಲಿಲ್ಲ. ಬೇರೆ ಯಾರೋ ಅದನ್ನು ಗಳಿಸಿದ್ದಾರೆ. ಇಲ್ಲದಿದ್ದರೆ ಆ ಪ್ರಶ್ನೆಗೆ ನಾಳೆ ನಾನೂ ನೀವೂ ಉತ್ತರ ಹೇಳಬೇಕಾದೀತು.

ಮೂಕ ಜೀವಿಗಳ ವಿಷಯದಲ್ಲೂ, ಮಾತಿದ್ದೂ ಯಾರೂ ಕೇಳಿಸಿಕೊಳ್ಳದ ಮನುಷ್ಯರ ವಿಷಯದಲ್ಲೂ ನಮ್ಮ ಹೃದಯಗಳನ್ನು ಅಲ್ಲಾಹನು ಮೃದುಗೊಳಿಸಲಿ. ಹೇಳಿದ್ದರಲ್ಲಿ ಒಳಿತಿದ್ದರೆ ಸ್ವೀಕರಿಸಿ, ತಪ್ಪಿದ್ದರೆ ತಿದ್ದಿ.